ಹೊಳೆ ತುಂಬಿದ ದಿನ

ಅಕ್ಟೋಬರ್ 9, 1927. ಬೆಳಿಗ್ಗೆ 8

ಸ್ಕೂಲಿನ ಹಿಂದೆ ಮಳೆ ಅಳೆಯುವ ಪಾತ್ರೆಯಲ್ಲಿ ಎರಡು ಸೆಂಟು ನೀರು, ಇಂಚಿನ ನೂರರಲ್ಲಿ ಎರಡು ಪಾಲು. ರಾತ್ರಿಯೆಲ್ಲ ನಕ್ಷತ್ರ ಕಂಡಿದ್ದವು! ಯಾರೋ ಸುರಿದಿದ್ದಾರೆ. ಈ ಮೇಷ್ಟ್ರು ಪಾವಗಡಕ್ಕೆ ಕಳಿಸೋ ಮಳೆ ರಿಪೋರ್ಟು ಕೆಡಲಿ ಅಂತ. ಬೇಲಿಯ ಗೇಟಿಗೆ ಬೀಗ ಹಾಕಿದೆ. ರಿಪೋರ್ಟಿನಲ್ಲಿ ಸೊನ್ನೆ ಬರೆದೆ.

ಅಕ್ಟೋಬರ್ 12

ಸೊನ್ನೆ. ನೆಲ್ಲೂರು ಸೀಮೆಯಿಂದ ಅಳಿಯ ಪರ್ವತಯ್ಯನ ಕಾಗದ. "ಈ ತಿಂಗಳೊಳಗೇ ಬಂದು ನಾಗರತ್ನನ್ನ ಕರಕೊಂಡು ಹೋಗಿ. ಕಾರ್ತಿಕದಲ್ಲಿ ಇಲ್ಲಿ ನೀರಿನ ಭಯ." ಮಗಳು ಈಗ ಆರು ತಿಂಗಳ ಬಸುರಿ. ಏಳು ತುಂಬಿ, ಸೀಮಂತ ಮುಗಿದ ಮೇಲೆ ತವರಿನವರು ಹೋಗಿ ಕರೆತರೋದು ಪದ್ಧತಿ. ಏನಿವರಿಗೆ ಅವಸರ? ಕೆಲಸಕ್ಕೆ ಬಗ್ಗಲಾರಳು, ನಮ್ಮ ತಲೆಗೆ ಕಟ್ಟೋಣ ಅಂತಲೋ?

ಕೆಳಗೆ ಅವಳದೂ ನಾಲ್ಕು ಸಾಲು. "ಅಪ್ಪಾ, ಇಲ್ಲಿ ಒಲೆ ಹೂಡೋಕೂ ಒಂದು ಕಲ್ಲಿಲ್ಲ. ಎಲ್ಲ ಮೆಕ್ಕಲು ಮಣ್ಣು. ಹೊಳೆ ಐದಾರು ಸೀಳಾಗಿ ಕಡಲು ಸೇರುತ್ತೆ. ಬಾವಿ ನೀರು ಉಪ್ಪು. ಬೇಗ ಬನ್ನಿ." ಕಲ್ಲೇ ಇಲ್ಲದ ಊರಂತೆ! ಅಕ್ಷರ ಅವಳದು, ಮಾತು ಅತ್ತೆಯದು.

ಅಕ್ಟೋಬರ್ 14

ನಮ್ಮ ನಾಗಲಮಡಿಕೆ ಹೊಳೆಗೇ ಹೋಗಿ ನೋಡಿ ಬಂದೆ. ಬರೀ ಮರಳು. ಪಕ್ಕದ ಮನೆ ಕರಿಬಸಮ್ಮ ಒರತೆ ತೋಡಿ ಚಿಪ್ಪಿನಲ್ಲಿ ನೀರು ಮೊಗೆಯುತ್ತಿದ್ದಳು. ಇದೇ ಪಿನಾಕಿನಿಯೇ ಅಲ್ಲಿಗೂ ಹೋಗೋದು. ಇಲ್ಲಿ ಅಂಗಾಲು ನೆನೆಯಲ್ಲ, ಅಲ್ಲಿ ಮುಳುಗ್ತಾರಂತೆ... ಯಾರ ಕಿವಿಗೆ ಹೂವಿಡ್ತಾನೆ?

ನಮ್ಮವಳು ಸಿದ್ದಗಂಗಮ್ಮನದು ಒಂದೇ ರಾಗ. "ಪದ್ಧತೀನ ಒಲೇಗಾಕಿ. ಓಗಿ ಕರ್ಕಂಡ್ ಬಂದ್ಬುಡಿ."

"ಹೊಳೇಲಿ ನೀರೆಲ್ಲೇ?" ಅಂದೆ.

"ಅಲ್ಲೀಗೆ ನೀರು ಒಳೆ ಮ್ಯಾಲಿಂದ್ಲೇ ಬರ್ಬೇಕು ಅಂತ ಎಲ್ಲೈತೆ?"

ನಕ್ಕುಬಿಟ್ಟೆ. ಅಳಿಯನಿಗೆ ಒಂದೇ ಸಾಲು ಬರೆದೆ— ಇಲ್ಲಿ ಹೊಳೆ ತುಂಬಿದ ದಿನ ಹೊರಡುತ್ತೇನೆ.

ಅಕ್ಟೋಬರ್ 27

ಸೊನ್ನೆ. ಅಳಿಯನ ಉತ್ತರವಿಲ್ಲ. ಸುಳ್ಳು ಸಿಕ್ಕಿಬಿತ್ತು, ಸುಮ್ಮನಾದ.

ನವೆಂಬರ್ 1, ಸಂಜೆ

ಬೆಳಿಗ್ಗೆ ಸೊನ್ನೆ. ಈಗ ಗಾಳಿ ಮೂಡಲಿಂದ. ಬಿಡದೆ ಬೀಸುತ್ತಿದೆ. ಮೋಡವೂ ಅತ್ತಲಿಂದಲೇ...

ನವೆಂಬರ್ 2, ಬೆಳಿಗ್ಗೆ 8

ನಾಲ್ಕು ಇಂಚು ಹತ್ತು ಸೆಂಟು. ಬೀಗ ಹಾಕಿದ ಹಾಗೇ ಇದೆ. ಕಡಲ ಕಡೆಯ ಮಳೆ. ನಮ್ಮ ಪಾತ್ರೆಗೆ ಬೀಳುವ ಮೊದಲು ಮಗಳ ಊರ ಮೇಲೆ ಬಿದ್ದು ಬಂದಿದೆ. ಇಪ್ಪತ್ತು ವರ್ಷ ಮಳೆ ಅಳೆದವನಿಗೆ ಇಷ್ಟು ತೋಚಲಿಲ್ಲ.

ಪಾವಗಡದಿಂದ ಟಪಾಲಿನ ರೇಣುಕಯ್ಯ ತೋಯ್ದು ತೊಪ್ಪೆಯಾಗಿ ಬಂದ. "ನೆಲ್ಲೂರ್ ಕಡೀಕೆ ತಂತಿ ಕಟ್ಟಾಗೈತೆ ಮೇಷ್ಟ್ರೆ. ಕಡ್ಲೇ ಊರೊಳೀಕೆ ನುಗ್ತಂತೆ."

ನನ್ನ ಆ ಒಂದು ಸಾಲಿನ ಕಾಗದ ನಾಗರತ್ನ ಓದಿರುತ್ತಾಳೆ.

ನವೆಂಬರ್ 3

ಪಾತ್ರೆ ನೋಡಲಿಲ್ಲ. ಪೆನುಕೊಂಡದ ರೈಲಿಗೆ ಹೊಳೆ ದಾಟಬೇಕು. ಬೆಳಗಿನಿಂದ ದಡದಲ್ಲಿ ಗಂಟು ಇಟ್ಟುಕೊಂಡು ಕೂತಿದ್ದೇನೆ. ಈ ದಡದಿಂದ ಆ ದಡಕ್ಕೆ ಕೆಂಪು ನೀರು. ಹರಿಗೋಲು ಇಳಿಸಲ್ಲ ಅಂದರು. ಸಿದ್ದಗಂಗಮ್ಮ ಪಕ್ಕದಲ್ಲೇ ಇದ್ದಾಳೆ.

ಹೊಳೆ ತುಂಬಿದೆ. ಈ ನೀರೆಲ್ಲ ಹೋಗೋದೂ ನಾಗರತ್ನ ಇರುವ ಊರಿಗೇ—