ಒಂಬತ್ತು ವರ್ಷ ಬಿಚ್ಚದ ಫಿಲ್ಟರ್

ಅನೋಂಗ್,

ನನ್ನ ಕ್ಯಾಮೆರಾ ಲೆನ್ಸಿಗೆ ನೀನು ಫಿಲ್ಟರ್ ತಿರುಗಿಸಿ ಬಿಗಿದಾಗ, "ಗಾಜಿನ ಮೇಲೊಂದು ಗಾಜು ಯಾಕೆ?" ಎಂದು ಅಣಕಿಸಿದ್ದೆ. "ಕಣ್ಣಿಗೆ ರೆಪ್ಪೆ ಬೇಡ್ವೇನೋ ಜಿಪುಣ?" ಎಂದಿದ್ದೆ ನೀನು. ನೀನು ಬಿಟ್ಟುಹೋದ ಮೇಲೆ ಅದೇ ಮಾತು ಹೇಳಿ ನನ್ನ ಕ್ಯಾಮೆರಾ ಅಂಗಡಿಯಲ್ಲಿ ಎಷ್ಟು ಫಿಲ್ಟರ್ ಮಾರಿದೆನೋ! ನಿನ್ನದನ್ನು ಮಾತ್ರ ಒಂಬತ್ತು ವರ್ಷ ಬಿಚ್ಚಲಿಲ್ಲ.

ಇವತ್ತು ಸೊಂಗ್‌ಕ್ರಾನ್, ನಿಮ್ಮ ಥಾಯ್ ಹೊಸವರ್ಷ. ಚಿಯಾಂಗ್ ಮಾಯ್ ಹಳೇ ಕೋಟೆಯ ಕಂದಕದ ಬಳಿ, ನೀರೆರಚಾಟದ ನಡುವೆ, ಅಜ್ಜಿಯೊಬ್ಬಳು ನನ್ನ ಕೆನ್ನೆಗೆ ಹಬ್ಬದ ಬಿಳಿ ಲೇಪ ಬಳಿದು ಹರಸಿದಳು. ಆಮೇಲೆ ಲೆನ್ಸಿನ ಮುಂದಿನ ಹುಡ್‌ನ ಒಳಗೂ ಬೆರಳು ತೂರಿಸಿ ನಿನ್ನ ಫಿಲ್ಟರಿಗೂ ಬಳಿದೇಬಿಟ್ಟಳು. "ನಿಂಗೆ ಅನ್ನ ಹಾಕೋದು ಇದೇ ಅಲ್ವೇನಪ್ಪಾ? ಇದಕ್ಕೂ ಆಶೀರ್ವಾದ ಬೇಡ್ವಾ?"

ಬಿಚ್ಚಲೇಬೇಕಾಯಿತು. ಒಳಗೆ ಲೆನ್ಸ್ ಹೊಚ್ಚಹೊಸದರಂತಿದೆ, ಗೆದ್ದವಳು ನೀನೇ. ಫಿಲ್ಟರನ್ನು ತೊಳೆದು ಮತ್ತೆ ಹಾಕಿದ್ದೇನೆ. ಆದರೆ ಈ ಸಲ ಬಿಗಿದದ್ದು ನಾನು, ನೀನಲ್ಲ.