ಇರುವೆ ಮುತ್ತಿದ ಸೀರೆ

ಚಿನಕುರಳಿ
17-2-1996

ಮಗ ಮಂಜುನಾಥನಿಗೆ,

ನಾನು ಕ್ಷೇಮ. ನೀನು ದೇವಲಾಪುರದಲ್ಲಿ ನಿನ್ನ ಸೋದರಮಾವ ತಮ್ಮಯ್ಯನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಂಡು ಮಲಗುತ್ತಿದ್ದೀಯೆಂದು ತಿಳಿದೆ. ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ತಡವಾಯಿತು, ಕ್ಷಮಿಸು. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಸೀಮೆಹಸು ಹೆಣ್ಣುಗರು ಹಾಕಿದೆ. ಹಿತ್ತಲ ಆಲೆಮನೆಯ ಒಲೆ ಆರಿಸಿದ್ದೇನೆ. ಉಳಿದ ಕಬ್ಬು ಕಾರ್ಖಾನೆಗೆ ಹೋಯಿತು. ಆ ಕೊಪ್ಪರಿಗೆಯ ಬೆಲ್ಲ ಇನ್ನು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ನಿನ್ನ ಹೆಂಡತಿ ಪ್ರಮೀಳಾ ಬಚ್ಚಲಲ್ಲಿ ಹಂಡೆ ಮಗುಚಿಕೊಂಡಳು, ಬಿಸಿನೀರು ಬೆನ್ನ ಮೇಲೆ ಬಿತ್ತು, ಯಾರು ಕೇಳಿದರೂ ನಾನು ಹಾಗೇ ಹೇಳಬೇಕು ಎಂದು ಬರೆದಿದ್ದೀಯ. ಅವಳನ್ನು ಹೊಸಹೊಳಲಿನ ತವರಿನಿಂದ ಕರೆತಂದು ಇಟ್ಟಿದ್ದರೆ ಯುಗಾದಿಗೆ ಬಂದು ಸಂಸಾರ ಸರಿಮಾಡಿಕೊಳ್ಳುತ್ತೀಯಂತೆ. ಅವಳ ಮೈ ಸುಟ್ಟ ದಿನ ನಾನು ಮದುವೆಗೆಂದು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಬಂದಾಗ ಅವಳು ಆಸ್ಪತ್ರೆಯಲ್ಲಿದ್ದಳು. ನೀನು ನೀರು ಎಂದೆ, ಅವಳೂ ಪೊಲೀಸರಿಗೆ ನೀರೆಂದೇ ಬರೆಸಿದ್ದಳು. ನಂಬಿದೆ. ಹೆತ್ತವಳಲ್ಲವೇ.

ಆಮೇಲೊಂದು ದಿನ ಗೋಡೆ ಹತ್ತಿ ಅಟ್ಟಕ್ಕೆ ಹೋಗುತ್ತಿದ್ದ ಇರುವೆ ಸಾಲು ಕಂಡಿತು. ಬೆಲ್ಲದ ಅಚ್ಚು ಇಟ್ಟು ಮರೆತೆನೇನೋ ಎಂದು ಏಣಿ ಹಾಕಿದೆ. ಅಲ್ಲಿದ್ದದ್ದು ನೀನು ಗಂಟುಕಟ್ಟಿ ಎಸೆದ ಅವಳ ಸೀರೆ. ಸುಟ್ಟುಕೊಂಡವರ ಬಟ್ಟೆಯನ್ನು ಮನೆಯಲ್ಲಿ ಒಗೆಯಬಾರದೆಂಬ ನಮ್ಮ ಶಾಸ್ತ್ರ ನಿನ್ನನ್ನು ಹಿಡಿದುಕೊಟ್ಟಿತು. ಸೆರಗು ಹಲಗೆಯಂತೆ ಸೆಟೆದುಕೊಂಡಿತ್ತು. ನಾಲಗೆಗೆ ಹಚ್ಚಿ ನೋಡಿದೆ. ಸಿಹಿ.

ನೀರು ಬಿದ್ದ ಸೀರೆಗೆ ಇರುವೆ ಬರುತ್ತದೇನೋ?

ಒಲೆಯ ಮುಂದೆ ಬದುಕು ಸವೆಸಿದವಳಿಗೆ ಕತೆ ಕಟ್ಟಿದೆಯಲ್ಲ. ನೀರು ಕಾಯುವಾಗಲೇ ಸದ್ದು ಮಾಡಿ ಎಚ್ಚರಿಸುತ್ತದೆ. ಕುದಿ ಬಂದ ಮೇಲೆ ಎಷ್ಟು ಸೌದೆ ಒಟ್ಟಿದರೂ ಅದರ ಬಿಸಿ ಏರುವುದಿಲ್ಲ, ಆವಿಯಾಗಿ ಹೋಗುತ್ತದೆ. ಹಾಲು ಉಕ್ಕಿ ತನ್ನ ಒಲೆಯನ್ನು ತಾನೇ ಆರಿಸಿಕೊಳ್ಳುತ್ತದೆ. ಎಣ್ಣೆ ಗುಳ್ಳೆಯನ್ನೂ ಎಬ್ಬಿಸದೆ ನೀರಿಗಿಂತ ಹೆಚ್ಚು ಕಾದು ಕೂತಿರುತ್ತದೆ. ಬೆಲ್ಲದ ಪಾಕ ಹಾಗಲ್ಲ. ಅದರೊಳಗಿನ ನೀರು ಇಂಗಿದಷ್ಟೂ ಬಿಸಿ ಏರುತ್ತಲೇ ಹೋಗುತ್ತದೆ. ಮೈಮೇಲೆ ಬಿದ್ದರೆ ಹರಿದು ಇಳಿಯುವುದಿಲ್ಲ, ಬಿದ್ದಲ್ಲೇ ಅಂಟಿ ಬೇಯಿಸುತ್ತದೆ. ಕೀಳಹೋದರೆ ಚರ್ಮವೂ ಜೊತೆಗೆ ಬರುತ್ತದೆ.

ಸೀರೆ ಹಿಡಿದು ಹೊಸಹೊಳಲಿಗೆ ಹೋದೆ. ಪ್ರಮೀಳಾ ಬೋರಲು ಮಲಗಿದ್ದಳು. ಸೆರಗನ್ನು ಅವಳ ಮುಂದೆ ಹರವಿದೆ.

"ಪಾಕ ಹದ ಮೀರ್ತಾದೆ, ಇಳಿಸಿ ಅಂದೆ ಅತ್ತೆ. ಆಳುಗಳ ಮುಂದೆ ಅಂದ್ಬುಟ್ಟೆ, ಅದೇ ತೆಪ್ಪಾಯ್ತು. ಸೌಟಲ್ಲಿ ಎತ್ತಿ ಉಯ್ದ್ರು."

ಮತ್ತೆ ನೀರು ಎಂದು ಯಾಕೆ ಬರೆಸಿದೆ ಎಂದು ಕೇಳಿದೆ.

"ಅವರು ಜೈಲಿಗೋದ್ರೆ ನಿಮ್ಮನ್ನ ಯಾರ್ ನೋಡ್ಕತಾರೆ?"

ನಿನ್ನ ಕೈಯಿಂದ ಬೆಂದವಳು ನನ್ನ ಅನ್ನದ ಯೋಚನೆ ಮಾಡಿದಳು. ಕೊಪ್ಪರಿಗೆ ಹತ್ತಿರವೇ ನಿಂತಿದ್ದ ಆಳು ಚಿಕ್ಕಮಾದಯ್ಯನನ್ನೂ ಕೇಳಿದೆ. ಕಣ್ಣಾರೆ ನೋಡಿದ್ದೇನೆ ಅವ್ವ, ನೀನು ಮುಂದೆ ನಿಂತರೆ ಎಲ್ಲಿ ಬೇಕಾದರೂ ಹೇಳುತ್ತೇನೆ ಎಂದ. ನಿಂತೆ. ಹಸಿರು ಶಾಲು ಹೊದ್ದು ತಾಲ್ಲೂಕು ಕಚೇರಿಯ ಮುಂದೆ ಧರಣಿ ಕೂತವಳು ನಾನು. ಊರಿನ ಅನ್ಯಾಯಕ್ಕೆ ಕೂಗಿ ಮನೆಯ ಅನ್ಯಾಯಕ್ಕೆ ಸೆರಗು ಹೊದಿಸಲೇ? ಅದೇ ಶಾಲು ಹೊದ್ದು ಪಾಂಡವಪುರದ ಠಾಣೆಗೆ ಹೋಗಿ ಸೀರೆಯನ್ನು ಮೇಜಿನ ಮೇಲೆ ಬಿಚ್ಚಿದೆ. ಪೇದೆ ಹೊನ್ನಪ್ಪ ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದ.

"ಎತ್ತ ಮಗನ ಮೇಲೆ ಬರೆಸ್ತಾ ಇದ್ದೀಯ ಕಣವ್ವ. ಯೋಚ್ನೆ ಮಾಡ್ದಾ?"

"ಸೊಸೆ ಬೆನ್ನು ನೋಡೇ ಯೋಚ್ನೆ ಮಾಡಿವ್ನಿ. ಬರ್ಕೊಳಪ್ಪ."

ಪ್ರಮೀಳಾ ಕೂಡ ಹೇಳಿಕೆ ಬದಲಿಸಿದ್ದಾಳೆ. ಗಾಯ ಮಾಗಿದ ಮೇಲೆ ಅವಳು ಈ ಮನೆಗೆ ಬರುತ್ತಾಳೆ. ಹಿತ್ತಲು, ಹಸು, ನನ್ನ ಪಾಲಿನ ಗದ್ದೆ ಎಲ್ಲ ಅವಳದು. ನಿನಗೆ ಹೊಸ್ತಿಲೂ ಇಲ್ಲ.

ತಡ ಯಾಕೆಂದು ಹೇಳುತ್ತೇನೆಂದಿದ್ದೆ. ಮುಂಚೆಯೇ ಬರೆದಿದ್ದರೆ ನೀನು ಓಡಿಹೋಗುತ್ತಿದ್ದೆ. ಇದನ್ನು ಓದಿ ತಲೆ ಎತ್ತು. ಕಾಗದ ಕೊಟ್ಟವನು ಅಂಚೆಯವನಲ್ಲ, ಹೊನ್ನಪ್ಪ. ಜೀಪು ಬಾಗಿಲಲ್ಲೇ ಇದೆ. ಹತ್ತು.

ನನ್ನ ಆಶೀರ್ವಾದವೆಲ್ಲ ಪ್ರಮೀಳಾಗೆ. ಅವಳ ಬೆನ್ನು ತಣ್ಣಗಿರಲಿ.

ನಿನ್ನನ್ನು ಹೆತ್ತವಳು,
ಮಾಯಮ್ಮ

ಮೇಲೆ ಬರೆಯದೆ ಬಿಟ್ಟದ್ದೊಂದಿದೆ. ನನ್ನ ಎಡತೋಳಿನ ಕಲೆ ನಿನಗೆ ಗೊತ್ತು. ಕುದಿಯುವ ನೀರು ಎರಚಿದವನು ನಿನ್ನ ಅಪ್ಪ. ನೀನು ಬಾಗಿಲಲ್ಲಿ ನಿಂತು ನೋಡಿದೆ. ನೀರು ಹರಿದುಹೋಯಿತು, ಗಾಯ ಮಾಯಿತು, ಮಾರನೆಯ ದಿನ ನಾನೇ ಅವನಿಗೆ ಮುದ್ದೆ ಬಡಿಸಿದೆ. ಅದನ್ನೂ ನೀನು ನೋಡಿದೆ. ನೋಡಿ ನೀನು ಕಲಿತದ್ದು ಒಂದೇ: ನೀರು ಸಾಲದು.