ಗೌತಮಿಗೆ ಕಳಿಸಿದ ಕಪ್ಪಿ

ನಾರಾಯಣಖೇಡ
೧೨–೧೧–೨೦೨೪, ಮಂಗಳವಾರ

ರಾಜವ್ವಾ,

ನಿನ್ನ ಅತ್ತಿ ಮಹಾನಂದಾ ಮಾಡೋ ಆಶೀರ್ವಾದ. ಕೋರ್ಟಿನಾಗ ನೀನೂ ನನ್ನ ಮಗ ಧನರಾಜನೂ ಬ್ಯಾರೆ ಆದ ಮ್ಯಾಲ ಅತ್ತಿ ಅಂತ ಬರೀಬೇಕೋ ಬ್ಯಾಡೋ ಅಂತ ಪೆನ್ನು ಹಿಡಕೊಂಡು ವಿಚಾರ ಮಾಡಿದೆ. ಬ್ಯಾರೆ ಏನಂತ ಬರಿಯಾಕೂ ತಿಳೀಲಿಲ್ಲ. ದಸರಾದಾಗೇ ನಿನ್ನ ಕೈ ಸೇರಬೇಕಿದ್ದ ಕಾಗದ ಇದು. ತಡ ಆತು, ಸಿಟ್ಟಾಗಬ್ಯಾಡ. ತಾಂಡೂರಿನಾಗ ಧೂಳು ಭಾಳ ಅಂತಾರ, ನನ್ನ ಮೊಮ್ಮಗಳು ಗೌತಮಿದು ಕೆಮ್ಮು ಕಡಿಮಿ ಆತೇನು? ನಿನ್ನ ದವಾಖಾನಿ ಡ್ಯೂಟಿ ಹೆಂಗ ನಡದದ? ಹೊತ್ತಿಗೆ ಸರಿ ಉಣ್ತೀಯೋ ಇಲ್ಲೋ?

ಇದರ ಜೊತಿ ಇಟ್ಟ ಹಾಳಿ ಗೌತಮಿಗಿ. ಕಾಗದದ ಕಪ್ಪಿ ಮಡಚೋದು ಹೆಂಗ ಅಂತ ಚಿತ್ರ ಬರದೀನಿ. ಹಬ್ಬದ ಮುಂದ ಅಕಿ ಫೋನ್ ಮಾಡಿದಾಗ, "ಆಯಿ, ನೀ ಮಾಡಿಕೊಡ್ತಿದ್ದೆಲ್ಲ, ಜಿಗಿಯೋ ಕಪ್ಪಿ, ಅದು ನನಗ ಕಲಿಸು" ಅಂದಳು. ನಾ ಫೋನಿನಾಗೇ ಹೇಳಾಕ ಹತ್ತಿದೆ. ಈ ಮೂಲಿ ಆ ಕಡಿ ತಗೊ, ಆ ಮೂಲಿ ಒಳಗ ಸೇರಸು ಅಂತ. "ಯಾವ ಮೂಲಿ ಆಯಿ? ಯಾವ ಕಡಿ?" ಅಂತ ಕೇಳಿ ಕೇಳಿ ಅಳಾಕ ಶುರು ಮಾಡಿ ಫೋನ್ ಇಟ್ಟುಬಿಟ್ಟಳು. ವಿಡಿಯೊ ಕಾಲ್ ಬ್ಯಾಡ ಅಂತ ನೀ ಹೇಳಿದ್ದು ನೆನಪದ. ಹಿಂದ ಧನರಾಜ ಬಂದು ನಿಂತರ ನಿನಗೂ ಕಷ್ಟ, ಅವನಿಗೂ ಕಷ್ಟ. ಅದು ನನಗ ತಿಳೀತದ, ಮಗಳೇ.

ಬರದು ಕಳಿಸೋಣಂದ್ರ ಅಕಿಗಿ ಕನ್ನಡ ಓದಾಕ ಬರಂಗಿಲ್ಲ, ನನಗ ತೆಲುಗು ಬರಿಯಾಕ ಬರಂಗಿಲ್ಲ. ನಮ್ಮ ಟೈಪಿಂಗ್ ಪ್ರಿಂಟಿಂಗ್ ದುಕಾನದಾಗ ತೆಲುಗು ಕೆಲಸೆಲ್ಲ ಧನರಾಜಂದು, ಕನ್ನಡದ್ದಷ್ಟೇ ನಂದು ಅಂತ ನಿನಗ ಗೊತ್ತೇ ಅದ. ಆಗ ಅನಿಸ್ತು, ಚಿತ್ರಕ್ಕ, ಬಾಣದ ಗುರುತಿಗಿ ಯಾವ ಭಾಷಾ ಬೇಕು? ಬ್ಯಾನರ್ ಮಾಡೋ ಸಾಫ್ಟ್‌ವೇರ್ ತೆಗೆದು ಒಂದು ಚೌಕ ಹಾಕಿದೆ. ಒಳಗ ಮಡಚೋ ಕಡಿ ತುಂಡು ತುಂಡು ಗೆರಿ, ಹಿಂದ ಮಡಚೋ ಕಡಿ ನಡುನಡುವ ಚುಕ್ಕಿ ಇಟ್ಟ ಗೆರಿ. ಹಾಳಿ ಒಂದು ಮಗ್ಗಲ ಬಿಳಿ, ಇನ್ನೊಂದು ಮಗ್ಗಲ ಹಸಿರು. ಒಂದು ಚಿತ್ರ ಆದ ಮ್ಯಾಲ ಅದನ್ನೇ ಕಾಪಿ ಮಾಡಿ, ಮೂಲಿ ಹಿಡಿದು ಎಳೆದು, ಮುಂದಿನ ಚಿತ್ರ. ಕೇಳಾಕ ಹಗೂರ ಅನಸ್ತದ. ಕಣ್ಣು ಮುಚ್ಚಿ ಕೈ ಮಾಡೋ ಕೆಲಸ ಮೌಸ್ ಹಿಡಿದ ಕೂಡಲೇ ಮರತೇ ಹೋಗ್ತದವ್ವಾ. ಎಡಗೈಯಾಗ ಕಾಗದ ಮಡಚಿ ನೋಡಬೇಕು, ಬಲಗೈಯಾಗ ಗೆರಿ ಎಳೀಬೇಕು, ಮತ್ತ ಬಿಚ್ಚಬೇಕು. ನಡುವ ಗಿರಾಕಿ ಬಂದು ಆಧಾರ್ ಝೆರಾಕ್ಸ್ ಅಂತಾರ.

ಮೊದಲನೇ ಪ್ರಿಂಟ್ ತೆಗೆದು ಬಾಜೂಕಿನ ಚಹಾದ ಅಂಗಡಿ ಲಚ್ಚಮ್ಮನ ಕೈಯಾಗ ಕೊಟ್ಟೆ. ನಾ ಏನೂ ಹೇಳಂಗಿಲ್ಲ, ನೋಡಿಕೊಂಡು ಮಾಡು ಅಂದೆ. ಅಕಿ ಒಲಿ ಸಣ್ಣ ಮಾಡಿ, ಕೈ ಸೀರಿಗಿ ಒರಸಿಕೊಂಡು ಕುಂತಳು. ಕಡೀಕ ಎತ್ತಿ ತೋರಿಸಿ, "ಅಕ್ಕಾ, ಇದು ಕಪ್ಪಿ ಅಲ್ಲರಿ, ಚಪ್ಪಲಿ ಆತು" ಅಂದಳು. ಚಹಾ ಕುಡಿಯಾಕ ಬಂದವರೆಲ್ಲ ನಕ್ಕರು. ನಾನೂ ನಕ್ಕೆ. ಖರೇ ಹೇಳಬೇಕಂದ್ರ ಒಳಗ ಕಸಿವಿಸಿ ಆತು. ತಪ್ಪು ಎಲ್ಲಿ ಅಂತ ಹುಡುಕಿದರ, ನಡುವ ಹಾಳಿ ತಿರುವಿ ಹಾಕೋದೇ ನಾ ಚಿತ್ರದಾಗ ಬರದಿಲ್ಲ. ನನ್ನ ಕೈ ತಾನೇ ತಿರುವತದ, ನನಗ ಹೇಳಂಗಿಲ್ಲ. ಅಲ್ಲೊಂದು ಸುತ್ತು ಬಾಣ ಹಾಕಿದೆ. ಹಿಂದಿನ ಕಾಲಿನ ಚಿತ್ರ ಭಾಳ ಸಣ್ಣದಿತ್ತು, ದೊಡ್ಡದು ಮಾಡಿದೆ. ಲಚ್ಚಮ್ಮ ಮಾಡಿ ಮಾಡಿ ಬ್ಯಾಸರಿಸಿ, "ಇನ್ನ ನಾ ಚಹಾ ಮಾರಲೇನು, ಕಪ್ಪಿ ಮಾರಲೇನು?" ಅಂದಳು. ಆದರ ಬಿಡಲಿಲ್ಲ. ಹೋದ ವಾರ ಅಕಿ ಮಾಡಿದ್ದು ಜಿಗೀತು ನೋಡು, ಬಿಸ್ಕೀಟಿನ ಡಬ್ಬಿ ದಾಟಿ!

ಧನರಾಜ ನೋಡಿದ. "ಯಾರಿಗವ್ವಾ ಇದು?" ಅಂದ. ಗೌತಮಿಗಿ ಅಂದೆ. ಕಂಪ್ಯೂಟರ್ ಪರದಿ ಮ್ಯಾಲಿನ ಚಿತ್ರ ನೋಡಿ, "ದಪ್ಪ ಹಾಳಿಮ್ಯಾಲ ತೆಗೀಬ್ಯಾಡ, ಮಡಚೋ ಹಾಳಿ ತೆಳ್ಳಗಿರಬೇಕು" ಅಂದು, ಒಳಗಿನಿಂದ ಹಸಿರು ಹಾಳಿ ತಂದು ಅವನೇ ಚೌಕ ಕತ್ತರಿಸಿ ಇಟ್ಟ. ಅವೇ ಲಕೋಟಿಯಾಗ ಅವ. ನಿನಗ ಬ್ಯಾಡ ಅನಿಸಿದರ ಬ್ಯಾರೆ ಹಾಳಿ ಕೊಡು, ನಾ ತಪ್ಪು ತಿಳಿಯಂಗಿಲ್ಲ. ಚಿತ್ರ ಮಾತ್ರ ಅಕಿಗಿ ಕೊಡು. ಮಾಡಾಕ ಬರಲಿಲ್ಲಂದ್ರ ಎಲ್ಲಿ ತಡೀತು ಅಂತ ಬೆರಳಿಟ್ಟು ಫೋಟೊ ಕಳಿಸಂತ ಹೇಳು. ಅಲ್ಲಿ ಇನ್ನೊಂದು ಚಿತ್ರ ಸೇರಸ್ತೀನಿ. ಅಕಿಗಿ ತಿಳಿಯೋ ತನಕ ಸೇರಸ್ತೀನಿ.

ನಿನ್ನ ತಾಯಿಗಿ ಶರಣು ಹೇಳು. ಗೌತಮಿ ಗಲ್ಲಕ್ಕ ನನ್ನ ಮುತ್ತು. ನೀವಿಬ್ಬರೂ ಎಲ್ಲಿದ್ದರೂ ತಂಪಾಗಿರ್ರಿ, ನಕ್ಕೋತ ಇರ್ರಿ. ಶಿವ ನಿಮ್ಮ ಬೆನ್ನಿಗಿರಲಿ.

ನಿನ್ನ
ಮಹಾನಂದಾ

ತಾ.ಕ.: ಇದನ್ನ ಮೊದಲೇ ಬರೀಬೇಕಿತ್ತು, ಕೈ ಬರಲಿಲ್ಲ. ಧನರಾಜನ ಲಗ್ನ ಗೊತ್ತು ಮಾಡೀವಿ. ಹುಡುಗಿ ಜಹೀರಾಬಾದಿನಕಿ, ಕೌಶಲ್ಯಾ ಅಂತ. ಒಳ್ಳೇಕಿ ಇದ್ದಾಳ, ಅಕಿದೇನೂ ತಪ್ಪಿಲ್ಲ. ಮಂದಿ ಬಾಯಿಂದ ನೀ ಕೇಳಬಾರದಂತ ನಾನೇ ಹೇಳಾಕ ಹತ್ತೀನಿ. ಗೌತಮಿಗಿ ಹೇಳೋದೋ ಬಿಡೋದೋ ನಿನಗ ಬಿಟ್ಟದ್ದು. ಕನ್ನಡ ಲಗ್ನಪತ್ರಿಕಿ ನಾನೇ ಟೈಪ್ ಮಾಡಬೇಕಿತ್ತು. ಹಳೇ ಫೈಲ್ ತೆಗೆದು ಹೆಸರು ಬದಲಿ ಮಾಡೋದು ನಮ್ಮ ದುಕಾನದ ರೂಢಿ. ಹಂಗೇ ತೆಗೆದೆ. ಧನರಾಜನ ಹೆಸರಿನ ಬಾಜೂಕ ನಿನ್ನ ಹೆಸರಿತ್ತು, ಚಿ. ಕುಂ. ಸೌ. ರಾಜೇಶ್ವರಿ ಅಂತ. ಅಳಿಸೋ ಬಟನ್ ಮ್ಯಾಲ ಬೆರಳಿಟ್ಟೆ, ಒತ್ತಾಕ ಆಗಲಿಲ್ಲ. ಆ ಫೈಲ್ ಹಂಗೇ ಮುಚ್ಚಿ, ಖಾಲಿ ಹಾಳಿ ತಗೊಂಡು ಮೊದಲಿನಿಂದ ಬರದೆ.